ತವರಿನಲ್ಲಿ ನೀಲಗಿರಿ, ಗಾಯರಾಣದಲ್ಲಿ ನೀಲಗಿರಿ

ಅಳ್ನಾವರ: ಧಾರವಾಡ ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡರೆ ಪೂರ್ವದ ತುದಿಗೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ, ಪಶ್ಚಿಮದ ತುದಿಗೆ ಅಳ್ನಾವರದ ಕಾಡಂಚು. ಅಲ್ಲಿ ಮರ ಹುಡುಕಿದರೂ ಸಿಗದಂಥ ಬಯಲು, ಇಲ್ಲಿ ಸಾಗವಾನಿ, ಮತ್ತಿ, ಹೊನ್ನೆ, ಬಿದಿರು ಬೆಳೆಯುವ ಮಳೆಸೀಮೆ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಈ ನಡುಪಟ್ಟಿಯಲ್ಲಿ ಎರಡಕ್ಕೂ ಸೇರದ ಮೂರನೆಯದೊಂದು ಮರ ಕಳೆದ ಹಲವು ದಶಕಗಳಿಂದ ಸಾಲುಗಟ್ಟಿ ನಿಂತಿದೆ. ನೇರವಾದ ಬಿಳಿ ಕಾಂಡ, ಜೋತುಬಿದ್ದ ಉದ್ದನೆಯ ಎಲೆ, ಕೆಳಗೆ ಹುಲ್ಲು ಕಾಣದ ನೆಲ. ಜನ ಅದನ್ನು ನೀಲಗಿರಿ ಎನ್ನುತ್ತಾರೆ.

ಈ ಮರದ ಕುರಿತ ವಾದ–ಪ್ರತಿವಾದ ಕರ್ನಾಟಕಕ್ಕೆ ಹೊಸದಲ್ಲ. ಅಂತರ್ಜಲ ಹೀರುವ ಪಿಶಾಚಿ ಎಂದು ಒಂದು ಪಕ್ಷ, ಬಡ ರೈತನಿಗೆ ಆಸರೆಯಾದ ಕಲ್ಪವೃಕ್ಷ ಎಂದು ಇನ್ನೊಂದು ಪಕ್ಷ ನಲವತ್ತು ವರ್ಷಗಳಿಗೂ ಮೀರಿ ಜಗ್ಗಾಡುತ್ತ ಬಂದಿವೆ. 2017ರಲ್ಲಿ ರಾಜ್ಯ ಸರಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದಾಗ ವಾದ ಮುಗಿಯಿತೆಂದು ಅನೇಕರು ಭಾವಿಸಿದರು. ಆದರೆ ಮೂಲ ಪ್ರಶ್ನೆ ಉಳಿದೇ ಇದೆ. ಈ ಮರ ತನ್ನ ಹುಟ್ಟುನಾಡಿನಲ್ಲಿ ಹೇಗೆ ಬದುಕುತ್ತದೆ, ಅದರ ಯಾವ ಗುಣಗಳನ್ನು ಮೆಚ್ಚಿ ನಾವು ಇಲ್ಲಿಗೆ ತಂದೆವು, ತಂದು ಯಾರ ನೆಲದಲ್ಲಿ ನೆಟ್ಟೆವು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಹಾಗೆ ನೋಡಿದರೆ ಇದು ಒಂದು ಮರದ ಕಥೆಗಿಂತ ಹೆಚ್ಚಾಗಿ ಊರಿನ ಸಾಮೂಹಿಕ ಭೂಮಿಯ ಕಥೆಯೆಂಬುದು ಸ್ಪಷ್ಟವಾಗುತ್ತದೆ.

ಹೆಸರು ಬೆಟ್ಟದ್ದು, ಮರ ಪರದೇಶದ್ದು

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನೀಲಗಿರಿ ಎಂಬುದು ಬೆಟ್ಟಸಾಲಿನ ಹೆಸರು; ಮರ ಅಲ್ಲಿಗೆ ಬರುವ ಎಷ್ಟೋ ಮೊದಲೇ ಬೆಟ್ಟಕ್ಕೆ ಆ ಹೆಸರಿತ್ತು. 1843ರ ಸುಮಾರಿಗೆ ಬ್ರಿಟಿಷ್ ಸೇನಾಧಿಕಾರಿಗಳು ಉರುವಲಿನ ಅಭಾವ ನೀಗಿಸಲು ಊಟಿಯ ಸುತ್ತಮುತ್ತ ಯೂಕಲಿಪ್ಟಸ್ ಸಸಿಗಳನ್ನು ನೆಡತೊಡಗಿದರು. ಅಲ್ಲಿ ಒಗ್ಗಿದ ಜಾತಿ ತಂಪು ಪ್ರದೇಶದ ‘ಗ್ಲಾಬುಲಸ್’. ಶೀತ–ನೆಗಡಿಗೆ ಮೂಗಿಗೆ ಹಿಡಿಯುವ ಎಣ್ಣೆ ಬರುವುದು ಮುಖ್ಯವಾಗಿ ಅದರ ಎಲೆಯಿಂದ. ಎಣ್ಣೆಯ ಸೀಸೆಯೊಂದಿಗೆ ಬೆಟ್ಟದ ಹೆಸರೂ ಮನೆಮನೆಗೆ ಬಂದು, ಕನ್ನಡದಲ್ಲಿ ಇಡೀ ಯೂಕಲಿಪ್ಟಸ್ ಕುಲಕ್ಕೇ ನೀಲಗಿರಿ ಎಂಬ ಹೆಸರು ನಿಂತಿತು.

ಅಳ್ನಾವರ, ಕಲಘಟಗಿ, ಹಳಿಯಾಳದ ಕಡೆ ಕಾಣುವ ಮರ ಊಟಿಯದಲ್ಲ. ಅದರ ಶಾಸ್ತ್ರೀಯ ನಾಮ ಯೂಕಲಿಪ್ಟಸ್ ಟೆರಿಟಿಕಾರ್ನಿಸ್. ದುಂಡನೆಯ ಕೊಂಬು ಎಂಬುದು ಆ ಹೆಸರಿನ ಅರ್ಥ. ಮೊಗ್ಗಿನ ಮೇಲೆ ಕೊಂಬಿನಾಕಾರದ ಟೊಪ್ಪಿಗೆಯೊಂದಿದ್ದು, ಹೂವು ಅರಳುವಾಗ ಅದು ಕಳಚಿ ಬೀಳುತ್ತದೆ. ಈ ಜಾತಿ ಕರ್ನಾಟಕಕ್ಕೆ ಬಂದ ದಾರಿ ಬೇರೆ. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ನಂದಿಬೆಟ್ಟದ ತನ್ನ ಉದ್ಯಾನದಲ್ಲಿ ಆಸ್ಟ್ರೇಲಿಯದಿಂದ ಬಂದ ಬೀಜಗಳನ್ನು ಬಿತ್ತಿಸಿದನೆಂದು ಅರಣ್ಯ ಇತಿಹಾಸ ಹೇಳುತ್ತದೆ. ನಂದಿಬೆಟ್ಟದಲ್ಲಿ ಬೆಳೆದು, ಬೇರೆ ಜಾತಿಗಳೊಂದಿಗೆ ಬೆರೆತ ಸಂತತಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಿಂದ ಭಾರತದ ಅರಣ್ಯ ಇಲಾಖೆಗಳಿಗೆಲ್ಲ ಪರಿಚಿತವಾಯಿತು. 1950ರ ದಶಕದಿಂದ ಮೈಸೂರು ರಾಜ್ಯದಲ್ಲಿ ಇದರ ನೆಡುತೋಪುಗಳು ದೊಡ್ಡ ಪ್ರಮಾಣದಲ್ಲಿ ಎದ್ದವು. ಬೇರೆ ರಾಜ್ಯಗಳಿಗೂ ಬೀಜ ಹೋದದ್ದು ಇಲ್ಲಿಂದಲೇ. ಹಾಗಾಗಿ ನೀಲಗಿರಿಯ ವಿಷಯದಲ್ಲಿ ಕರ್ನಾಟಕವು ತಂದುಕೊಂಡ ನಾಡೂ ಹೌದು, ಹಂಚಿದ ನಾಡೂ ಹೌದು.

ತವರಿನ ನೆಲೆ

ಯೂಕಲಿಪ್ಟಸ್ ಕುಲದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಎಲ್ಲವೂ ಆಸ್ಟ್ರೇಲಿಯ ಖಂಡದವು. ನಮ್ಮ ಟೆರಿಟಿಕಾರ್ನಿಸ್ ಆ ಖಂಡದ ಪೂರ್ವ ಕರಾವಳಿಯುದ್ದಕ್ಕೂ, ದಕ್ಷಿಣದ ವಿಕ್ಟೋರಿಯಾದಿಂದ ಉತ್ತರದ ಕ್ವೀನ್ಸ್‌ಲ್ಯಾಂಡ್ ದಾಟಿ ನ್ಯೂಗಿನಿ ದ್ವೀಪದವರೆಗೆ ನೈಸರ್ಗಿಕವಾಗಿ ಬೆಳೆಯುತ್ತದೆ. ಇಷ್ಟು ಉದ್ದಕ್ಕೆ, ಚಳಿಯಿಂದ ಉಷ್ಣವಲಯದವರೆಗೆ ಹಬ್ಬಿದ ಯೂಕಲಿಪ್ಟಸ್ ಮತ್ತೊಂದು ಇಲ್ಲವೆನ್ನಬಹುದು. ನದಿ–ಹಳ್ಳಗಳ ದಂಡೆಯ ಮೆಕ್ಕಲು ಮಣ್ಣು, ಮಳೆಗಾಲದಲ್ಲಿ ನೀರು ನಿಂತು ಹೋಗುವ ತಗ್ಗು ಬಯಲು, ಇಳಿಜಾರಿನ ಬುಡ ಇದರ ಇಷ್ಟದ ಜಾಗಗಳು. ಅಲ್ಲಿ ಇದು 20ರಿಂದ 50 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ.

ತವರಿನಲ್ಲಿ ಈ ಮರ ಒತ್ತೊತ್ತಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಒಂದರಿಂದ ಒಂದು ದೂರವಿದ್ದು, ನಡುವಿನ ಜಾಗದಲ್ಲಿ ಹುಲ್ಲು, ಪೊದೆ, ಹೂಗಿಡಗಳು ತುಂಬಿರುತ್ತವೆ. ಮರಗಳಿರುವ ಹುಲ್ಲುಗಾವಲು ಎಂದು ಅದನ್ನು ವರ್ಣಿಸಿದರೆ ಸರಿಯಾದೀತು. ಅದರ ಎಲೆಯನ್ನು ತಿಂದು ಬದುಕುವ ಪ್ರಾಣಿಯೂ ಅಲ್ಲಿದೆ. ಕೋಲಾ ಎಂಬ ಆ ಚೀಲಹೊಟ್ಟೆಯ ಪ್ರಾಣಿಗೆ ಟೆರಿಟಿಕಾರ್ನಿಸ್ ಎಲೆ ಅತಿ ಮೆಚ್ಚಿನ ಆಹಾರಗಳಲ್ಲೊಂದು. ಎಲೆಯಲ್ಲಿನ ಎಣ್ಣೆ, ಕಹಿ, ವಿಷಾಂಶಗಳನ್ನು ಅರಗಿಸಿಕೊಳ್ಳುವ ದೇಹವ್ಯವಸ್ಥೆಯನ್ನು ಲಕ್ಷಾಂತರ ವರ್ಷಗಳ ವಿಕಾಸ ಅದಕ್ಕೆ ಕೊಟ್ಟಿದೆ. ಹೂವಿನ ಮಕರಂದಕ್ಕೆ ಗಿಳಿಗಳು, ಬಾವಲಿಗಳು, ಜೇನುಗಳು ಮುಗಿಬೀಳುತ್ತವೆ.

ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ವಿಚಿತ್ರವೆನಿಸುವಂಥದ್ದು. ಆಸ್ಟ್ರೇಲಿಯದಲ್ಲಿ ಮರಕುಟಿಗಗಳೇ ಇಲ್ಲ. ಕಾಂಡದಲ್ಲಿ ಪೊಟರೆ ಆಗಬೇಕಾದರೆ ಕೊಂಬೆ ಮುರಿದು, ಶಿಲೀಂಧ್ರ ಮತ್ತು ಗೆದ್ದಲು ಒಳಗಿನಿಂದ ತಿಂದು, ಟೊಳ್ಳಾಗಬೇಕು. ಅದಕ್ಕೆ ಸಾಮಾನ್ಯವಾಗಿ ನೂರು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಖಂಡದ ಸುಮಾರು 300 ಜಾತಿಯ ಪ್ರಾಣಿ–ಪಕ್ಷಿಗಳು ಇಂಥ ಪೊಟರೆಗಳನ್ನು ಆಶ್ರಯಿಸುತ್ತವೆ. ಅಂದರೆ ತವರಿನಲ್ಲಿ ನೀಲಗಿರಿಯ ಬೆಲೆ ಅದರ ಮುಪ್ಪಿನಲ್ಲಿದೆ. ನಮ್ಮಲ್ಲಿ ಅದೇ ಮರವನ್ನು ಏಳೆಂಟು ವರ್ಷಕ್ಕೆ ಕಡಿಯಲಾಗುತ್ತದೆ. ಪೊಟರೆಯ ಮಾತು ಹಾಗಿರಲಿ, ಹಕ್ಕಿಯೊಂದು ನೆಚ್ಚಿ ಗೂಡು ಕಟ್ಟುವ ವಯಸ್ಸನ್ನೂ ಅದು ಮುಟ್ಟುವುದಿಲ್ಲ.

ಗುಣವೇ ಆಯ್ಕೆಗೆ ಕಾರಣ

ಇಷ್ಟು ದೂರದ ಮರವನ್ನು ನಮ್ಮ ಯೋಜನೆಗಳು ಏಕೆ ಆರಿಸಿಕೊಂಡವು? ಉತ್ತರ ಅದರ ತವರಿನ ಗುಣಗಳಲ್ಲಿಯೇ ಇದೆ. ಮೂರು ಗುಣಗಳನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ಮೊದಲನೆಯದು, ಎಲೆಯ ಕಹಿ. ಕೋಲಾ ತಿನ್ನುವ ಎಲೆಯನ್ನು ನಮ್ಮ ಆಕಳು, ಎಮ್ಮೆ, ಆಡು ಮೂಸಿಯೂ ನೋಡುವುದಿಲ್ಲ. ಬೇವು, ಹುಣಸೆ, ಹೊಂಗೆ ನೆಟ್ಟರೆ ಬೇಲಿ ಹಾಕಬೇಕು, ಕಾವಲಿಡಬೇಕು. ನೀಲಗಿರಿಗೆ ಅದರ ಖರ್ಚಿಲ್ಲ. ಊರ ದನ ಮೇಯುವ ಬಯಲಿನಲ್ಲಿ ಊರ ದನ ತಿನ್ನದ ಗಿಡವನ್ನೇ ನೆಡುವುದು ಇಲಾಖೆಗೆ ಅನುಕೂಲವಾಗಿ ಕಂಡಿತು. ಆದರೆ ಅದೇ ಬಯಲಿನ ಮೇಲೆ ಬದುಕು ಕಟ್ಟಿಕೊಂಡ ದನಗಾರರಿಗೆ ಅದು ಮೇವಿನ ನೆಲದ ನಷ್ಟವಾಯಿತು.

ಎರಡನೆಯದು, ಕಡಿದರೂ ಚಿಗುರುವ ಶಕ್ತಿ. ಕಾಳ್ಗಿಚ್ಚು ಮತ್ತು ಬರಗಾಲಗಳನ್ನು ಎದುರಿಸಿ ಬಾಳಿದ ಈ ಮರ ಬುಡದಲ್ಲಿ ಗಂಟಿನಂಥ ಅಂಗವೊಂದನ್ನು ಬೆಳೆಸಿಕೊಂಡಿದೆ. ಮೇಲಿನ ಭಾಗ ಸುಟ್ಟುಹೋದರೂ ಅಲ್ಲಿ ಅಡಗಿದ ಮೊಗ್ಗುಗಳು ಒಡೆಯುತ್ತವೆ. ಕಬ್ಬು ಬೆಳೆಯುವ ಈ ಭಾಗದ ರೈತರಿಗೆ ಕುಳೆ ಬೆಳೆಯ ಲೆಕ್ಕ ಹೊಸದಲ್ಲ. ಒಮ್ಮೆ ನೆಟ್ಟು ಎರಡು–ಮೂರು ಸಲ ಕಡಿಯುವ ಸೌಲಭ್ಯ ಕಾಗದ ಮತ್ತು ನೂಲಿನ ಕಾರ್ಖಾನೆಗಳಿಗೂ ಹಿಡಿಸಿತು. ಬೇಡವೆಂದು ಕಡಿದರೂ ಈ ಮರ ಹೋಗದಿರುವುದಕ್ಕೂ ಅದೇ ಗುಣ ಕಾರಣ. ಬುಡ ಸಮೇತ ಅಗೆದು ತೆಗೆಯದ ಹೊರತು ಜಮೀನು ಬಿಡುವಾಗುವುದಿಲ್ಲ, ಅದರ ಖರ್ಚು ಸಣ್ಣ ರೈತನ ಕೈಗೆ ಎಟಕುವುದಿಲ್ಲ.

ಮೂರನೆಯದು, ಬೇರಿನ ಓಟ. ತೇವವನ್ನು ಹುಡುಕಿಕೊಂಡು ವೇಗವಾಗಿ ಆಳಕ್ಕಿಳಿಯುವ ಬೇರು ಈ ಮರದ ಶೀಘ್ರ ಬೆಳವಣಿಗೆಯ ಗುಟ್ಟು. ನದಿ ದಂಡೆಯ ತವರಿನಲ್ಲಿ ಅದು ಯಾರಿಗೂ ತೊಂದರೆಯಲ್ಲ. ಕೆರೆ–ಬಾವಿಗಳನ್ನೇ ನೆಚ್ಚಿದ ಊರಿನ ಪಕ್ಕದಲ್ಲಿ ಅದರ ಪರಿಣಾಮ ಬೇರೆಯೇ ಆಗುತ್ತದೆ.

ರೈಲು, ಬಿದಿರು, ಕಾಗದ

ನೀಲಗಿರಿ ಈ ಭಾಗಕ್ಕೆ ಬಂದದ್ದನ್ನು ಅರಿಯಲು ಅಳ್ನಾವರ–ದಾಂಡೇಲಿ ರೈಲು ದಾರಿಯನ್ನೇ ಹಿಡಿದು ಹೋಗಬಹುದು. ಹುಬ್ಬಳ್ಳಿ–ಲೋಂಡಾ ಮಾರ್ಗದಿಂದ ಕವಲೊಡೆದು ಕಾಡಿನೊಳಗೆ ಹೋಗುವ ಈ ದಾರಿಯನ್ನು ಬ್ರಿಟಿಷರ ಕಾಲದಲ್ಲಿ ಹಾಕಿದ್ದು ಪ್ರಯಾಣಿಕರಿಗಾಗಿ ಅಲ್ಲ, ದಾಂಡೇಲಿ ಕಾಡಿನ ಕಟ್ಟಿಗೆ ಸಾಗಿಸಲಿಕ್ಕಾಗಿ. 2018ರಲ್ಲಿ ಹೊಸ ತಾಲೂಕಾದ ಅಳ್ನಾವರದ ವ್ಯಾಪಾರ, ವಸತಿ ಬೆಳೆದದ್ದರಲ್ಲಿ ಈ ಕಟ್ಟಿಗೆಯ ವಹಿವಾಟಿನ ಪಾಲು ಸಣ್ಣದಲ್ಲ.

1950ರ ದಶಕದಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು. ಅದರ ಮೊದಲ ಕಚ್ಚಾಮಾಲು ಸುತ್ತಲಿನ ಕಾಡಿನ ಬಿದಿರು. ಬುಟ್ಟಿ ಹೆಣೆಯುವವರು ಮಾರುಕಟ್ಟೆಯ ದರ ತೆತ್ತು ಬಿದಿರು ಕೊಳ್ಳುತ್ತಿದ್ದಾಗ ಕಾರ್ಖಾನೆಗೆ ಅದು ನಾಮಮಾತ್ರ ದರದಲ್ಲಿ ದೊರೆಯುತ್ತಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ ಮತ್ತು ಅವರ ಸಹೋದ್ಯೋಗಿಗಳು ಉತ್ತರ ಕನ್ನಡದಲ್ಲಿ ನಡೆಸಿದ ಅಧ್ಯಯನಗಳು ಈ ನೀತಿಯ ಫಲವಾಗಿ ಬಿದಿರು ಮೆಳೆಗಳು ಕ್ಷೀಣಿಸಿದ ಬಗೆಯನ್ನು ತೋರಿಸಿಕೊಟ್ಟವು. ಬಿದಿರು ಸಾಲದಾದಾಗ ನಾರಿನ ಕಟ್ಟಿಗೆಗಾಗಿ ಕಣ್ಣು ಬಿದ್ದದ್ದು ನೀಲಗಿರಿಯ ಮೇಲೆ.

ಸಹ್ಯಾದ್ರಿಯಲ್ಲಿ ನೈಸರ್ಗಿಕ ಕಾಡನ್ನೇ ಸಂಪೂರ್ಣ ಕಡಿದು ನೀಲಗಿರಿ ನೆಟ್ಟ ಪ್ರಯೋಗಗಳೂ ನಡೆದವು. ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಆ ಸಸಿಗಳಿಗೆ ಗುಲಾಬಿ ಬಣ್ಣದ ಶಿಲೀಂಧ್ರ ರೋಗ ತಗುಲಿ ಕಾಂಡಗಳು ಒಣಗಿದವು. ಇದ್ದ ಕಾಡೂ ಹೋಯಿತು, ಬರಬೇಕಾದ ಕಟ್ಟಿಗೆಯೂ ಬರಲಿಲ್ಲ. ಮಳೆ ಕಡಿಮೆ ಇರುವ ಕಾಡಂಚು ಮತ್ತು ಬಯಲು ಇದಕ್ಕೆ ಯೋಗ್ಯ ಎಂಬ ತೀರ್ಮಾನಕ್ಕೆ ಯೋಜಕರು ಬಂದರು. ಅಂಥ ನೆಲವೆಂದರೆ ಊರಿನ ಗಾಯರಾಣ, ಗೋಮಾಳ, ಕಂದಾಯ ಇಲಾಖೆಯ ಪುಸ್ತಕದಲ್ಲಿ ‘ಸಿ ಮತ್ತು ಡಿ’ ವರ್ಗ ಎಂದು ದಾಖಲಾದ ಜಮೀನು.

ಬಯಲಿನಲ್ಲಿ ನಡೆದದ್ದಕ್ಕೆ ರಾಣೆಬೆನ್ನೂರಿನ ಉದಾಹರಣೆಯಿದೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ವಿಸ್ತಾರದ ಅಲ್ಲಿನ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿವೆ. ಬಟಾಬಯಲಿನಲ್ಲಿ ಓಡಿ ಬದುಕುವ ಪ್ರಾಣಿಯ ನೆಲೆಯಲ್ಲಿ ಮರ ನೆಟ್ಟದ್ದಕ್ಕೆ ಒಂದೇ ಕಾರಣ: ಹುಲ್ಲುಗಾವಲನ್ನು ಪಾಳುಭೂಮಿ ಎಂದು ಎಣಿಸುವ ಹಳೆಯ ರೂಢಿ. ದಾಖಲೆಯಲ್ಲಿ ಪಾಳು ಎಂದು ಬರೆದ ಮಾತ್ರಕ್ಕೆ ನೆಲ ಪಾಳಾಗುವುದಿಲ್ಲ. ಅಲ್ಲಿ ಹುಲ್ಲು ಬೆಳೆಯುತ್ತದೆ, ಕುರಿ ಮೇಯುತ್ತದೆ, ಮಳೆನೀರು ಇಂಗುತ್ತದೆ.

ಕಿತ್ತಿಕೋ–ಹಚ್ಚಿಕೋ

1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ರಾಜ್ಯದಲ್ಲಿ ಜಾರಿಯಾಯಿತು. ಹಳ್ಳಿಯ ಜನರಿಗೆ ಉರುವಲು, ಮೇವು ಒದಗಿಸುವುದು ಅದರ ಘೋಷಿತ ಉದ್ದೇಶ. ನೆಟ್ಟದ್ದರಲ್ಲಿ ಸಿಂಹಪಾಲು ನೀಲಗಿರಿ. ಕೋಲಾರದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಅದು ಹಬ್ಬಿತು. ತುಮಕೂರು ಜಿಲ್ಲೆಯಲ್ಲಿ 1983ರಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಅದೇ ವರ್ಷ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಹುಟ್ಟಿತು.

ಧಾರವಾಡ ಜಿಲ್ಲೆಯ ಸರದಿ ಅದಾದ ಮೇಲೆ ಬಂತು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಸ್ಥಾಪನೆಯಾಯಿತು. ಸರಕಾರಿ ಸ್ವಾಮ್ಯದ ಅರಣ್ಯ ಅಭಿವೃದ್ಧಿ ನಿಗಮದ ಪಾಲು ಶೇ. 51, ಹರಿಹರ ಪಾಲಿಫೈಬರ್ಸ್ ಪಾಲು ಶೇ. 49. ಸುಮಾರು 30,000 ಹೆಕ್ಟೇರ್ ‘ಸಿ ಮತ್ತು ಡಿ’ ವರ್ಗದ ಭೂಮಿಯನ್ನು 40 ವರ್ಷಗಳ ಅವಧಿಗೆ ಈ ಕಂಪನಿಗೆ ಕೊಟ್ಟು, ಅಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಒದಗಿಸುವುದು ಯೋಜನೆ. ಆ ಭೂಮಿಯ ಮೇಲೆ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಊರುಗಳನ್ನು ಕೇಳುವ ಏರ್ಪಾಡು ಆ ಯೋಜನೆಯಲ್ಲಿ ಇರಲಿಲ್ಲ.

ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಇದನ್ನು ಎದುರಿಸಿತು. ಎಸ್.ಆರ್. ಹಿರೇಮಠ ಅದರ ನೇತೃತ್ವದಲ್ಲಿದ್ದರು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಡಾ. ಶಿವರಾಮ ಕಾರಂತರು ಪ್ರಮುಖ ಅರ್ಜಿದಾರರಾದರು. ಮರುವರ್ಷ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ಆದರೂ ನೆಲದ ಮೇಲೆ ನೆಡುವ ಕೆಲಸ ನಿಲ್ಲದಿದ್ದಾಗ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ 1997ರ ನಂತರ ಹಾವೇರಿ ಜಿಲ್ಲೆಗೆ ಸೇರಿದೆ. ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಗುಂಡಿಗಳಲ್ಲೇ ಹಣ್ಣು, ಮೇವು, ಕಟ್ಟಿಗೆ ಕೊಡುವ ಗಿಡಗಳನ್ನು ನೆಟ್ಟರು. ಗಿಡ ನೆಡುವುದಕ್ಕೆ ಗಿಡ ಹಚ್ಚುವುದು ಎನ್ನುವ ಈ ಸೀಮೆಯ ಆಡುಮಾತಿನಲ್ಲೇ ಚಳವಳಿಗೆ ಕಿತ್ತಿಕೋ–ಹಚ್ಚಿಕೋ ಎಂಬ ಹೆಸರು ಬಂತು. 1991ರಲ್ಲಿ ಸರಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಕುಸನೂರಿನ ಹೋರಾಟವನ್ನು ನೀಲಗಿರಿ ವಿರೋಧಿ ಹೋರಾಟವೆಂದು ಕರೆಯುವುದು ರೂಢಿ. ಅದರ ಬೇಡಿಕೆಗಳನ್ನು ಓದಿದರೆ ಮರಕ್ಕಿಂತ ಭೂಮಿಯ ಒಡೆತನದ ಪ್ರಶ್ನೆಯೇ ಮುಂದೆ ನಿಲ್ಲುತ್ತದೆ. ಊರಿನ ಸಾಮೂಹಿಕ ನೆಲವನ್ನು ಊರನ್ನು ಕೇಳದೆ ಕಂಪನಿಗೆ ಕೊಡಬಾರದು ಎಂಬುದು ಅದರ ತಿರುಳಾಗಿತ್ತು. ಆ ನೆಲದಲ್ಲಿ ನೀಲಗಿರಿಯ ಬದಲು ಮತ್ತೊಂದು ನಾರಿನ ಮರ ನೆಟ್ಟಿದ್ದರೂ ಆಕ್ಷೇಪ ಉಳಿಯುತ್ತಿತ್ತು.

ನೀರಿನ ಲೆಕ್ಕ

ನೀಲಗಿರಿ ನೀರು ಹೀರುತ್ತದೆ ಎಂಬ ಆರೋಪವನ್ನು ಭಾವನೆಯ ಮಟ್ಟದಿಂದ ಅಳತೆಯ ಮಟ್ಟಕ್ಕೆ ತಂದ ಅಧ್ಯಯನ ನಡೆದದ್ದೂ ಕರ್ನಾಟಕದಲ್ಲಿಯೇ. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು ರಾಜ್ಯ ಅರಣ್ಯ ಇಲಾಖೆಯ ಸಹಯೋಗದಲ್ಲಿ 1980ರ ದಶಕದ ಕೊನೆಯಿಂದ ಶಿವಮೊಗ್ಗ ಭಾಗದಲ್ಲಿಯೂ ಹೊಸಕೋಟೆಯಲ್ಲಿಯೂ ಮರಗಳ ನೀರಿನ ಬಳಕೆಯನ್ನು ಅಳೆದರು. 1997ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯೇ ಮಳೆಯಿಂದ ಬಂದದ್ದಕ್ಕಿಂತ ಹೆಚ್ಚು ನೀರನ್ನು ನೀಲಗಿರಿ ಬಳಸಿದ ಸಂಗತಿಯನ್ನು ಹೇಳುತ್ತಿತ್ತು.

ಅವರ ಫಲಿತಾಂಶಗಳಲ್ಲಿ ಎರಡೂ ಪಕ್ಷದವರು ತಮಗೆ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟರು. ಮಣ್ಣಿನ ಆಳ ಕಡಿಮೆ ಇರುವಲ್ಲಿ ನೀಲಗಿರಿಯ ನೀರಿನ ಬಳಕೆ ನಮ್ಮ ಎಲೆಯುದುರುವ ನೈಸರ್ಗಿಕ ಕಾಡಿನಷ್ಟೇ ಇತ್ತು. ಎಂಟು ಮೀಟರಿಗೂ ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿ ಮಾತ್ರ ಬೇರುಗಳು ವರ್ಷ ವರ್ಷ ಕೆಳಕ್ಕಿಳಿದು, ಹಿಂದಿನ ಮಳೆಗಳು ಕೂಡಿಟ್ಟ ತೇವವನ್ನೂ ಬಳಸಿದವು. ರಾಗಿಯಂಥ ಬೆಳೆ ಬಳಸುವ ನೀರು ಮರ ಬಳಸುವುದರ ಅರ್ಧದಷ್ಟು.

ಅಳ್ನಾವರದ ಓದುಗರು ಇದರಿಂದ ತಿಳಿಯಬೇಕಾದದ್ದು ಇಷ್ಟು. ಕಾಡು ಕಡಿದ ಜಾಗದಲ್ಲಿ, ತೆಳುಮಣ್ಣಿನಲ್ಲಿ ನಿಂತ ನೀಲಗಿರಿಯನ್ನು ನೀರಿನ ವಿಷಯದಲ್ಲಿ ಹೆಚ್ಚು ದೂರುವಂತಿಲ್ಲ. ಅಲ್ಲಿ ಅದು ಮಾಡಿದ ನಷ್ಟ ಬೇರೆ ಬಗೆಯದು. ಹುಲ್ಲುಗಾವಲು ಅಥವಾ ಹೊಲವಿದ್ದ ಆಳಮಣ್ಣಿನ ಜಾಗದಲ್ಲಿ, ಕೆರೆಯ ಜಲಾನಯನದಲ್ಲಿ ನಿಂತ ಅದೇ ಮರ ನೀರಿನ ಲೆಕ್ಕವನ್ನು ಬದಲಿಸುತ್ತದೆ. ಮೊದಲು ಇಂಗಿ, ಹರಿದು ಕೆರೆ ಸೇರುತ್ತಿದ್ದ ಪಾಲಿನಲ್ಲಿ ಒಂದಂಶವನ್ನು ಅದು ತೆಗೆದುಕೊಳ್ಳುತ್ತದೆ. ಆದ್ದರಿಂದ ಎಲ್ಲಿ ನೆಟ್ಟದ್ದು, ಅಲ್ಲಿ ಮೊದಲು ಏನಿತ್ತು ಎಂಬುದನ್ನು ಕೇಳದೆ ಈ ಮರದ ಕುರಿತು ಕೊಟ್ಟ ತೀರ್ಪು ಪೂರ್ಣವಾಗುವುದಿಲ್ಲ.

ರೈತನ ಪಕ್ಷವನ್ನೂ ಇಲ್ಲಿ ಹೇಳಬೇಕು. ಕೂಲಿಯಾಳು ಸಿಗದ, ಮಳೆ ಕೈಕೊಡುವ, ಕಾಡುಹಂದಿ–ಜಿಂಕೆಗಳು ಬೆಳೆ ಮೇಯುವ ಕಾಡಂಚಿನ ಹೊಲದಲ್ಲಿ ನೀಲಗಿರಿ ನೆಟ್ಟವನು ಪರಿಸರದ ಶತ್ರುವಲ್ಲ. ಕಾವಲಿಲ್ಲದೆ ಬೆಳೆದು, ಬೇಕಾದ ವರ್ಷ ಕಡಿದು ದುಡ್ಡು ಎಣಿಸಬಹುದಾದ ಬೆಳೆ ಅವನಿಗೆ ಬೇರೊಂದು ಇರಲಿಲ್ಲ. ಕಟ್ಟಡದ ಸೆಂಟ್ರಿಂಗ್ ಗಳ ಇಲ್ಲಿಂದಲೇ ಹೋಗುತ್ತಿತ್ತು. ಅಷ್ಟರಮಟ್ಟಿಗೆ ಕಾಡಿನ ಮೇಲಿನ ಒತ್ತಡ ತಗ್ಗಿತೆಂಬ ಅರಣ್ಯಾಧಿಕಾರಿಗಳ ವಾದದಲ್ಲಿಯೂ ಹುರುಳಿದೆ. ಖಾಸಗಿ ಹೊಲದ ಈ ಆಯ್ಕೆಗೂ ಊರ ಗಾಯರಾಣದ ಮೇಲೆ ಹೊರಗಿನವರು ಮಾಡಿದ ಆಯ್ಕೆಗೂ ವ್ಯತ್ಯಾಸವಿದೆ. ನಷ್ಟವಾದರೆ ಮೊದಲನೆಯದರಲ್ಲಿ ಆಯ್ದವನೇ ಅನುಭವಿಸುತ್ತಾನೆ. ಎರಡನೆಯದರಲ್ಲಿ ಆಯ್ದವರು ಒಬ್ಬರು, ಅನುಭವಿಸಿದವರು ಇನ್ನೊಬ್ಬರು.

ಅಲ್ಲಿ ದನಕ್ಕಾಗಿ ಮರ, ಇಲ್ಲಿ ಮರಕ್ಕಾಗಿ ದನ

ಇಲ್ಲಿ ನೀಲಗಿರಿ ಹಬ್ಬುತ್ತಿದ್ದಾಗ ಅದರ ತವರಿನಲ್ಲಿ ಏನಾಗುತ್ತಿತ್ತು ಎಂಬುದು ಈ ಕಥೆಯ ಉಳಿದರ್ಧ. ಟೆರಿಟಿಕಾರ್ನಿಸ್ ಬಯಸುವ ನದಿ ಬಯಲಿನ ಫಲವತ್ತಾದ ಮಣ್ಣನ್ನೇ ಯುರೋಪಿನಿಂದ ಹೋದ ವಲಸೆಗಾರರೂ ಬಯಸಿದರು. ದನ–ಕುರಿಗಳ ಹುಲ್ಲುಗಾವಲಿಗಾಗಿ, ಬೇಸಾಯಕ್ಕಾಗಿ, ಊರುಗಳಿಗಾಗಿ ಮರಗಳನ್ನು ತೆಗೆದರು. ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಪ್ರದೇಶದಲ್ಲಿ ಈ ಮರದ ಹುಲ್ಲುಗಾಡು ಈಗ ಚೂರುಚೂರಾಗಿ ರೈಲು ಹಳಿ, ರಸ್ತೆ, ಸ್ಮಶಾನಗಳ ಅಂಚಿನಲ್ಲಿ ಉಳಿದಿದೆ. 2009ರಲ್ಲಿ ಆಸ್ಟ್ರೇಲಿಯ ಸರಕಾರ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಸಮುದಾಯವೆಂದು ಪಟ್ಟಿ ಮಾಡಿತು. ಎಲೆ ತಿನ್ನುವ ಕೋಲಾವನ್ನು 2022ರಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶಗಳಲ್ಲಿ ಅಪಾಯದ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು.

ಆ ಖಂಡದಲ್ಲಿ ಹೊರಗಿನ ದನಗಳಿಗಾಗಿ ಮೂಲದ ಮರ ಹೋಯಿತು. ನಮ್ಮಲ್ಲಿ ಹೊರಗಿನ ಮರಕ್ಕಾಗಿ ಮೂಲದ ದನಗಳ ಹುಲ್ಲುಗಾವಲು ಹೋಯಿತು. ಎರಡು ಕಡೆಯೂ ನೆಲದ ಮೇಲೆ ಅದಾಗಲೇ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಅಲ್ಲಿ ಆ ಹುಲ್ಲುಗಾಡನ್ನು ಸಾವಿರಾರು ವರ್ಷ ಬೆಂಕಿ ಹಾಕಿ ಪಳಗಿಸಿ ಪಾಲಿಸಿದವರು ಆದಿವಾಸಿಗಳು. ಇಲ್ಲಿ ಗಾಯರಾಣವನ್ನು ನೆಚ್ಚಿದವರು ಕುರುಬರು, ಗೌಳಿಗಳು, ಭೂಹೀನರು. ಮರದ ನೆಪದಲ್ಲಿ ಎರಡು ಖಂಡಗಳು ಒಂದೇ ತಪ್ಪನ್ನು ತಿರುವುಮುರುವಾಗಿ ಮಾಡಿವೆ.

ತವರಿನಿಂದ ಮರ ಬಂದರೂ ಅದರ ಶತ್ರುಗಳು ಬಹುಕಾಲ ಬಂದಿರಲಿಲ್ಲ. ಇಲ್ಲಿ ಅದು ಅಷ್ಟು ಸೊಂಪಾಗಿ ಬೆಳೆಯಲು ಅದೂ ಒಂದು ಕಾರಣ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಅನುಕೂಲವೂ ತಪ್ಪಿತು. ಆಸ್ಟ್ರೇಲಿಯ ಮೂಲದ ಗಂಟುಕಣಜವೊಂದು ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡು, ಎಳೆಯ ಎಲೆಯ ನರದಲ್ಲಿ ಮೊಟ್ಟೆಯಿಟ್ಟು ಗಂಟು ಕಟ್ಟಿಸಿ, ನರ್ಸರಿಗಳನ್ನೂ ಎಳೆಯ ತೋಪುಗಳನ್ನೂ ಕೆಡಿಸಿತು. ಒಂದೇ ತಳಿಯ ಸಾಲುಗಳು ಎಷ್ಟು ದುರ್ಬಲ ಎಂಬುದನ್ನು ಗುಲಾಬಿ ರೋಗದ ನಂತರ ಎರಡನೆಯ ಸಲ ಅದು ತೋರಿಸಿತು.

ನಿಷೇಧದ ನಂತರ

ನಿಷೇಧ ಒಂದು ಜಾತಿಯನ್ನು ತಡೆಯುತ್ತದೆ, ಒಂದು ರೂಢಿಯನ್ನಲ್ಲ. ನೀಲಗಿರಿಗೆ ವಿರೋಧ ಬಂದಾಗಲೆಲ್ಲ ಅದರ ಜಾಗಕ್ಕೆ ಅಕೇಶಿಯಾ ಬಂದಿದೆ. ಅದೂ ಆಸ್ಟ್ರೇಲಿಯ–ನ್ಯೂಗಿನಿ ಕಡೆಯದೇ, ಅದನ್ನೂ ದನ ತಿನ್ನುವುದಿಲ್ಲ. ಆಯ್ಕೆಯ ಮಾನದಂಡ ಬದಲಾಗದೆ ಆಯ್ಕೆ ಬದಲಾಗುವುದಿಲ್ಲ. ಬೇಲಿ, ಕಾವಲಿಲ್ಲದೆ ಬದುಕಬೇಕು, ಬೇಗ ಬೆಳೆಯಬೇಕು, ಒಟ್ಟಿಗೆ ಕಡಿಯಲು ಬರಬೇಕು ಎಂಬ ಪಟ್ಟಿಯನ್ನು ಹಿಡಿದು ಹುಡುಕಿದರೆ ಮತ್ತೆ ಇಂಥದೇ ಮರ ಸಿಗುತ್ತದೆ.

ಅಳ್ನಾವರದಂಥ ನಡುಪಟ್ಟಿಗೆ ಇದು ಕೇವಲ ಹಳೆಯ ಚರ್ಚೆಯಲ್ಲ. ಹೊಸ ತಾಲೂಕಿನಲ್ಲಿ ಕಚೇರಿ, ಬಡಾವಣೆ, ಕೈಗಾರಿಕೆಗೆಂದು ಜಮೀನು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಸಾಮೂಹಿಕ ಭೂಮಿ. ಪಶ್ಚಿಮಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಹಳಿಯಾಳ, ಕಲಘಟಗಿ ಭಾಗದ ಹೊಲಗಳಿಗೆ ಆನೆಗಳು ಬಂದು ಹೋಗುವ ಸುದ್ದಿ ಪ್ರತಿ ಸುಗ್ಗಿಯಲ್ಲೂ ಇರುತ್ತದೆ. ಮೇವು, ಬಿದಿರು, ಹಣ್ಣು ಇಲ್ಲದ ನೆಡುತೋಪು ಆನೆಗೆ ದಾರಿಯಾದೀತೇ ಹೊರತು ಊಟವಾಗದು. ಊಟಕ್ಕೆ ಅದು ಮುಂದಿನ ಭತ್ತ–ಕಬ್ಬಿನ ಗದ್ದೆಗೇ ಹೋಗಬೇಕು.

ಇದಕ್ಕೆ ಬೇಕಾದ ಕಾನೂನಿನ ಕೊರತೆಯಿಲ್ಲ. ಜನರ ಸಹಭಾಗಿತ್ವದ ಅರಣ್ಯ ಯೋಜನೆಗೆ 1993ರಲ್ಲಿಯೇ ರಾಜ್ಯ ಸರಕಾರ ಆದೇಶ ಹೊರಡಿಸಿದ್ದು, ಗ್ರಾಮ ಅರಣ್ಯ ಸಮಿತಿಗಳು ಅದರಿಂದ ಹುಟ್ಟಿದವು. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಸಾಮುದಾಯಿಕ ಹಕ್ಕುಗಳನ್ನು ಮಾನ್ಯ ಮಾಡಿದೆ. ಊರಿನ ಸಾಮೂಹಿಕ ಭೂಮಿಯನ್ನು ಕಬಳಿಕೆಯಿಂದ ಬಿಡಿಸಿ ಊರಿಗೇ ಉಳಿಸಬೇಕೆಂದು ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ನಿರ್ದೇಶನ ನೀಡಿದೆ. ಸಮಿತಿ ಕಾಗದದ ಮೇಲಿದೆಯೋ ನೆಲದ ಮೇಲಿದೆಯೋ ಎಂಬುದನ್ನು ತಮ್ಮ ಪಂಚಾಯಿತಿಯಲ್ಲಿ ವಿಚಾರಿಸುವ ಹಕ್ಕು ಪ್ರತಿ ಗ್ರಾಮಸಭೆಗೂ ಇದೆ.

ಹಳೆಯ ನೀಲಗಿರಿ ತೋಪುಗಳ ವಿಷಯದಲ್ಲಿ ಅವಸರದ ಕೊಡಲಿಯೂ ಬೇಡ. ಒಮ್ಮೆಲೇ ಕಡಿದರೆ ಬುಡಗಳು ಮತ್ತೆ ಚಿಗುರುತ್ತವೆ, ಖಾಲಿ ನೆಲವನ್ನು ಲಂಟಾನ, ಕಾಂಗ್ರೆಸ್ ಕಸ ಆವರಿಸುತ್ತವೆ. ಹಂತಹಂತವಾಗಿ ತೆಗೆದು, ಕಾಡಂಚಿನಲ್ಲಿ ಮತ್ತಿ, ಹೊನ್ನೆ, ನೆಲ್ಲಿ, ಬಿದಿರನ್ನು ಬರಿಸುವುದು, ಹುಲ್ಲುಗಾವಲಾಗಿದ್ದ ಜಾಗವನ್ನು ಮರ ನೆಡದೆ ಹುಲ್ಲುಗಾವಲಾಗಿಯೇ ಬಿಡುವುದು ಕಷ್ಟದ್ದಾದರೂ ಸಾಧ್ಯವಾದ ಕೆಲಸ. ಇದಕ್ಕೆ ಬೇಲಿ ಬೇಕು, ಕಾವಲು ಬೇಕು, ಹತ್ತಾರು ವರ್ಷ ಕಾಯುವ ತಾಳ್ಮೆ ಬೇಕು. ಊರಿಗೆ ಆ ನೆಲ ತನ್ನದೆಂಬ ಭರವಸೆ ಇದ್ದರೆ ಕಾವಲು ಊರೇ ಕೊಡುತ್ತದೆ.

ವನಮಹೋತ್ಸವದ ದಿನ ಎಷ್ಟು ಸಸಿ ನೆಟ್ಟೆವೆಂಬ ಲೆಕ್ಕವನ್ನು ಇಲಾಖೆಗಳು ಪ್ರತಿ ವರ್ಷ ಕೊಡುತ್ತವೆ. ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ, ಯಾರನ್ನು ಕೇಳಿ, ಯಾರ ಬಳಕೆಗೆಂದು ನೆಟ್ಟೆವು ಎಂಬ ಲೆಕ್ಕವನ್ನು ಗ್ರಾಮಸಭೆಯ ಮುಂದಿಡುವ ಪದ್ಧತಿ ಅಳ್ನಾವರದಲ್ಲಾದರೂ ಆರಂಭವಾಗಲಿ. ಕುಸನೂರಿನ ಜನ 1987ರಲ್ಲಿ ಕೇಳಿದ್ದು ಇದನ್ನೇ.